ಟವಲಿನ ಕೆಳಗೆ ಐದು ಎಂ.ಎಲ್.

ಮೂರನೇ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಿದ್ದೆ, ಪಡಸಾಲೆಯಿಂದ ನಮ್ಮವರ ಕೂಗು ಕೇಳಿತು. ಹಾವು ಕಂಡವರ ಕೂಗಲ್ಲ, ಸೋತವರ ಕೂಗು. ಕೈಯಲ್ಲಿದ್ದ ಒದ್ದೆ ಬಟ್ಟೆಯೊಂದಿಗೇ ಓಡಿಹೋಗಿ ನೋಡಿದೆ. ಆದೋನಿಯ ಹತ್ತಿ ಮಂಡಿಗೆ ಹೊರಡಲು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. ಆ ಬಿಳಿ ಅಂಗಿಯ ಮೇಲೆ ಕಿತ್ತಳೆ ಬಣ್ಣದ ಔಷಧ ಕಾಲರಿನಿಂದ ಜೇಬಿನವರೆಗೆ ಇಳಿದು, ಜೇಬಿನೊಳಗೂ ಹೋಗಿತ್ತು. ಒಂದು ಕೈಯಲ್ಲಿ ಸೀಸೆಯ ಮುಚ್ಚಳ, ಇನ್ನೊಂದರಲ್ಲಿ ಖಾಲಿ ಚಮಚ. ಔಷಧ ಕುಡಿಯಬೇಕಾದ ಮಗಳು ಮಾತ್ರ ಅಲ್ಲಿರಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದರೆ, ಸುಹಾಸಿನಿ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು.

ಅವಳಿಗೆ ಇನ್ನೂ ಮೂರು ತುಂಬಿಲ್ಲ. ಹಿಂದಿನ ವಾರ ಜ್ವರ ಬಂದು, ಜ್ವರದ ಬೆನ್ನಿಗೇ ಬಲಗಿವಿ ಸೋರತೊಡಗಿತ್ತು. ಭಾನುವಾರ ಆದೋನಿಗೆ ಕರೆದೊಯ್ದಾಗ ಮಕ್ಕಳ ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಪುಡಿ ತುಂಬಿದ ಒಂದು ಸೀಸೆ ಬರೆದುಕೊಟ್ಟರು. ಕಾಯಿಸಿ ಆರಿಸಿದ ನೀರನ್ನು ಗೀಟಿನವರೆಗೆ ಹಾಕಿ ಕುಲುಕಬೇಕು. ಬೆಳಿಗ್ಗೆ ಎಂಟಕ್ಕೆ ಐದು ಎಂ.ಎಲ್., ಸಂಜೆ ಎಂಟಕ್ಕೆ ಐದು ಎಂ.ಎಲ್. ಹೀಗೆ ಹತ್ತು ಹೊತ್ತು, ನಡುವೆ ಒಂದೂ ತಪ್ಪಬಾರದು. ಹತ್ತೂ ಹೊಟ್ಟೆಗೆ ಹೋದ ಮೇಲೆ ಕರೆದುಕೊಂಡು ಬನ್ನಿ, ಕಿವಿ ಒಣಗಿರದಿದ್ದರೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ದಿನವೂ ಸೂಜಿ ಹಾಕಬೇಕಾಗುತ್ತದೆ ಎಂದರು. ಅಂಗಿ ಕುಡಿದದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ನಮ್ಮವರು ಫೋನು ಮಾಡಿ ಕೇಳಿದಾಗ ಡಾಕ್ಟರಮ್ಮ ಇಲ್ಲ ಎಂದರಂತೆ.

ಆ ಸೋಮವಾರ ಹಗಲೆಲ್ಲ ನಾನು ಪ್ರಯತ್ನ ಮಾಡಿದೆ. ಹಾಲಿಗೆ ಒಂದು ಹನಿ ಬೆರೆಸಿ ನೋಡಿದೆ. ಹಾಲು ಕುಡಿಯುವುದನ್ನೇ ಬಿಟ್ಟಳು. ಬಾಳೆಹಣ್ಣಿಗೆ ಸವರಿ ನೋಡಿದೆ. ಬಾಳೆಹಣ್ಣಿನ ಮೇಲೂ ಅನುಮಾನ ಬಂತು. ಮೂಗು ಹಿಡಿದು ಹಾಕಿಬಿಡು ಎಂದು ಪಕ್ಕದ ಮನೆಯ ಅಕ್ಕನಾಗಮ್ಮ ಹೇಳಿಕೊಟ್ಟರು. ಆ ಗುಂಡಿಯಷ್ಟು ಮೂಗನ್ನು ಹಿಡಿಯಲು ನನಗೆ ಕೈ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಔಷಧ ಎಂಬ ಮಾತು ಕೇಳಿದರೇ ಸಾಕು, ಹುಡುಗಿ ಮಂಚದ ಕೆಳಗೆ. ಸೋರುವ ಕಿವಿಯಾದರೂ ಅದೊಂದು ಮಾತು ಅದಕ್ಕೆ ಬಲು ಚೆನ್ನಾಗಿ ಕೇಳುತ್ತಿತ್ತು. ತೆಲುಗಿನಲ್ಲಿ ಮಂದು ಎಂದು ನೋಡಿದೆ, ಓಡಿದಳು. ಸಿರಪ್ ಎಂದು ನೋಡಿದೆ, ಅದಕ್ಕೂ ಓಡಿದಳು. ಕನ್ನಡ ತೆಲುಗು ಎರಡೂ ಆಡುವ ನಮ್ಮೂರು ಆಸ್ಪರಿಯಲ್ಲಿ ಹುಟ್ಟಿದ ಕೂಸು, ಮೂರೂ ಭಾಷೆಯಲ್ಲಿ ಓಡುತ್ತಿತ್ತು. ಹಾಗಾಗಿ ಆ ವಸ್ತುವಿಗೆ ನಮ್ಮ ಮನೆಯಲ್ಲಿ 'ಅದು' ಎಂದಷ್ಟೇ ಹೆಸರು ಉಳಿಯಿತು.

ಸಂಜೆ ನಮ್ಮವರು ಮಂಡಿಯಿಂದ ಒಂದು ತೀರ್ಮಾನದೊಂದಿಗೆ ಬಂದರು. ಈಗ ನಮ್ಮವರ ವಿಷಯ ಸ್ವಲ್ಪ ಹೇಳಬೇಕು. ಇವರ ಹೆಸರು ವಾಗೀಶ್. ಇವರ ತಂದೆ, ದಿವಂಗತ ಉರುಕುಂದಪ್ಪನವರು, ದನದ ಸಂತೆಯಲ್ಲಿ ಹೆಸರಾದ ದಲ್ಲಾಳಿ. ನಮ್ಮ ಕಡೆ ದನದ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಕೊಳ್ಳುವವರ ಕೈಯನ್ನೂ ಮಾರುವವರ ಕೈಯನ್ನೂ ಒಂದು ಟವಲಿನ ಕೆಳಗೆ ಸೇರಿಸುತ್ತಾರೆ. ಒಳಗೆ ಬೆರಳು ಹಿಡಿದು ದರ ಹೇಳುವುದು, ಬೆರಳು ಮಡಚಿ ಇಳಿಸುವುದು. ಸುತ್ತ ನಿಂತವರಿಗೆ ಟವಲು ಅಲುಗಾಡುವುದು ಕಾಣುತ್ತದೆ, ಅಷ್ಟೇ. ಕೈ ಬಿಡುವ ತನಕ ಒಳಗಿನವರು ವ್ಯಾಪಾರದ ಮಾತು ಎತ್ತಬಾರದು. ಏನು ನಡೆದಿದೆ ಎಂದು ಹೊರಗಿನವರು ಕೇಳಲೂಬಾರದು, ಕೇಳಿದರೆ ವ್ಯಾಪಾರ ಮುರಿಯುತ್ತದೆ, ಮುರಿದ ಪಾಪ ಕೇಳಿದವರಿಗೆ.

ಮಾವನವರು ಹೀಗೆ ಸಾವಿರಾರು ಜೋಡಿ ಎತ್ತು ಕುದುರಿಸಿದವರು. ಮಗ ಒಂದು ಕುರಿಮರಿಯನ್ನೂ ಕುದುರಿಸಿದವರಲ್ಲ. ಮಂಡಿಯಲ್ಲಿ ಹರಾಜೆಲ್ಲ ಕಂಪ್ಯೂಟರಿನಲ್ಲಿ ಆಗುತ್ತದೆ. ಹತ್ತಿಯ ರಾಶಿಗೆ ಚೀಟಿ ಸಿಕ್ಕಿಸುವುದಷ್ಟೇ ಇವರ ಕೆಲಸ. ಬದನೆಕಾಯಿ ತರಲು ಹೋದರೆ ಕೇಳಿದ ದರಕ್ಕೇ ತಂದು, ಕೊಂಡುಹೋದ ಚೀಲವನ್ನೂ ಅಲ್ಲೇ ಬಿಟ್ಟು ಬರುವಂಥವರು. ಆದರೂ ತಂದೆಯ ಬೆರಳು ತಮ್ಮ ಕೈಯಲ್ಲಿವೆ ಎಂಬುದು ಇವರ ಗಟ್ಟಿ ನಂಬಿಕೆ. ಆ ಬೆರಳುಗಳಿಗೆ ಇಲ್ಲಿಯವರೆಗೆ ತಕ್ಕ ಗಿರಾಕಿ ಸಿಕ್ಕಿರಲಿಲ್ಲ.

ಅಂಗಳದ ಕಟ್ಟೆಯ ಮೇಲೆ, ಜೋಳದ ಚೀಲಗಳ ಪಕ್ಕದಲ್ಲಿ ಕೂತು, ಹೆಗಲ ಮೇಲಿನ ಟವಲನ್ನು ತೊಡೆಯ ಮೇಲೆ ಹರಡಿದರು.

"ಬರ್ರಿ ಸಾವ್ಕಾರ್ರ," ಅಂದರು. "ಕೈ ಹಾಕ್ರಿ. ಇಲ್ಲಿ ಬಾಯಿಲೆ ಮಾತಿಲ್ಲ, ಬಟ್ಟಿನ ಮಾತು."

ಸುಹಾಸಿನಿಯನ್ನು ಅದುವರೆಗೆ ಯಾರೂ ರೀ ಹಚ್ಚಿ ಕರೆದಿರಲಿಲ್ಲ. ಮಂಚದ ಕೆಳಗಿಂದ ಹೊರಬಂದು, ಲಂಗ ಸರಿಮಾಡಿಕೊಂಡು, ಚೀಲಗಳ ಸಂದಿಯಲ್ಲಿ ಗಂಭೀರವಾಗಿ ಕೂತು ಟವಲಿನೊಳಗೆ ಕೈ ಹಾಕಿದಳು. ಬಟ್ಟೆಂದರೆ ಬೆರಳು, ಒಂದು ಬೆರಳಿಗೆ ಒಂದು ಗುಟುಕು ಎಂದು ನಮ್ಮವರು ಕರಾರು ತಿಳಿಸಿದರು. ಐದೂ ಬೆರಳು ಹಿಡಿದರು. ಅವಳು ಕಿರುಬೆರಳೊಂದನ್ನು ಹಿಡಿದಳು. ಇವರು ನಾಲ್ಕಕ್ಕೆ ಇಳಿದರು. ಅವಳು ಅದೇ ಕಿರುಬೆರಳು. ಮೂರು, ಎರಡೂವರೆ, ಎರಡು. ಅವಳು ಕಿರುಬೆರಳು ಬಿಡಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಸಾವಿರಾರು ಜೋಡಿ ಎತ್ತಿನ ವಾರಸುದಾರರು ಒಂದೇ ಗುಟುಕಿಗೆ ಒಪ್ಪಿ ಹಣೆಯ ಬೆವರು ಒರೆಸಿಕೊಂಡರು.

ಒಪ್ಪಿದ ಮೇಲೂ ಬಾಯಿ ತೆರೆಯಲಿಲ್ಲ. ಕರಾರಿನಂತೆ ಮಾತಾಡಲೂ ಇಲ್ಲ. ಕೈ ಎತ್ತಿ ಕೊಟ್ಟಿಗೆಯ ಕಡೆ ತೋರಿಸಿದಳು. ಅಲ್ಲಿ ನಮ್ಮ ಎಮ್ಮೆ ಮೆಲುಕು ಹಾಕುತ್ತಿತ್ತು. ಮೊದಲು ಅದು ಬಾಯಿ ತೆರೆಯಲಿ, ಆಮೇಲೆ ತಾನು ಎಂದು ಅದರ ಅರ್ಥ. ನಮ್ಮವರು ನನ್ನ ಮುಖ ನೋಡಿದರು. ಗಂಟೆ ಎಂಟಾಗಿತ್ತು. ನಾನು ಹೂಂ ಎಂದೆ. ಎದ್ದು ಹೋಗಿ ಎಮ್ಮೆಯ ದವಡೆಗೆ ಕೈಹಾಕಿ ಬಾಯಿ ಅಗಲಿಸಿದರು. ಸಾವ್ಕಾರರು ಕೂತಲ್ಲಿಂದಲೇ ಅದನ್ನು ಪರೀಕ್ಷಿಸಿ, ತಮ್ಮ ಬಾಯಿ ತೆರೆದರು. ನಾನು ಸೀಸೆಯ ಜೊತೆ ಬಂದಿದ್ದ ಪುಟ್ಟ ಪಿಚಕಾರಿಯಿಂದ ಒಂದು ಎಂ.ಎಲ್. ಬಿಟ್ಟೆ. ನುಂಗಿದಳು. ಮುಖ ಹುಳಿ ಮಾಡಿ, ಮತ್ತೆ ಟವಲಿನೊಳಗೆ ಕೈ ಹಾಕಿದಳು.

ಐದು ಎಂ.ಎಲ್. ಎಂದರೆ ಐದು ವ್ಯಾಪಾರ, ಐದು ಸಲ ಎಮ್ಮೆ. ಮೊದಲ ಹೊತ್ತು ಮುಗಿಯುವಾಗ ಒಂಬತ್ತು ಹೊಡೆದಿತ್ತು. ನನಗೆ ಕಣ್ಣು ತುಂಬಿ ಬಂತು. ನಮ್ಮವರು ಟವಲು ಕೊಡವಿ ಹೆಗಲಿಗೇರಿಸಿಕೊಂಡು, ಅಪ್ಪ ಇದ್ದಿದ್ದರೆ ನೋಡಬೇಕಿತ್ತು ಎಂದರು.

ಅಪ್ಪ ಇರಲಿಲ್ಲ, ಆದರೆ ಅಕ್ಕನಾಗಮ್ಮ ಇದ್ದರು. ಮಂಗಳವಾರ ಬೆಳಿಗ್ಗೆ ಅವರು ತಮ್ಮ ಕಡೆಯ ಗೋಡೆಯ ಮೇಲೆ ಮೆಣಸಿನಕಾಯಿ ಹರಡಲು ಬಂದರು. ಆ ಗೋಡೆಯಿಂದ ನಮ್ಮ ಅಂಗಳವೆಲ್ಲ ಕಾಣುತ್ತದೆ, ಜೋಳದ ಚೀಲದ ಹಿಂದಿನದು ಮಾತ್ರ ಕಾಣುವುದಿಲ್ಲ. ಹಾಗಾಗಿ ಅವರಿಗೆ ಕಂಡದ್ದು ಇಷ್ಟು: ಉರುಕುಂದಪ್ಪನ ಮಗ ಟವಲು ಹಾಸಿ ಕೂತಿದ್ದಾನೆ. ಚೀಲದ ಹಿಂದೆ ಯಾರೋ ಗುಟ್ಟಿನ ಗಿರಾಕಿ. ಇವನು ಅವರನ್ನು ಸಾವ್ಕಾರ್ರ, ಇನ್ನೊಂದು ಬಟ್ಟು ಹಿಡೀರಿ ಎಂದು ಬೇಡುತ್ತಿದ್ದಾನೆ. ಸಾವ್ಕಾರರು ತುಟಿ ಬಿಚ್ಚುತ್ತಿಲ್ಲ. ಆಮೇಲೆ ಎದ್ದು ಹೋಗಿ ಎಮ್ಮೆಯ ಬಾಯಿ ಅಗಲಿಸಿ ಹಲ್ಲು ತೋರಿಸುತ್ತಾನೆ. ಮತ್ತೆ ಬಂದು ಟವಲು. ಮತ್ತೆ ಹಲ್ಲು. ನಾನು ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೇನೆ.

ಇದರಿಂದ ಯಾರೇ ಆಗಲಿ ಏನು ತಿಳಿಯಬೇಕೋ ಅದನ್ನೇ ಅಕ್ಕನಾಗಮ್ಮನೂ ತಿಳಿದರು. ಅವರನ್ನು ನಾನು ತಪ್ಪು ಹಿಡಿಯುವುದಿಲ್ಲ.

ಆ ಎಮ್ಮೆ ನಮ್ಮದಲ್ಲ, ನಮ್ಮತ್ತೆಯದು. ಮಾವನವರು ಟವಲು ಮಡಚಿಡುವ ಮೊದಲು ತಮ್ಮ ಮನೆಗಾಗಿ ಕುದುರಿಸಿದ ಕೊನೆಯ ಕರು ಅದು. ಅತ್ತೆ ಅಂಬಮ್ಮ ಅದಕ್ಕೆ ಮೊದಲು ಮುಸುರೆ ಇಟ್ಟು ಆಮೇಲೆ ತಾವು ಉಣ್ಣುವವರು. ಆ ವಾರ ಅವರು ಊರಲ್ಲಿರಲಿಲ್ಲ. ನಾಗಲದಿನ್ನೆಯಲ್ಲಿ ಮಗಳು ಕಾಲು ಉಳುಕಿಸಿಕೊಂಡಿದ್ದಳೆಂದು ಹದಿನೈದು ದಿನದ ಮಟ್ಟಿಗೆ ಹೋಗಿದ್ದರು. ಅತ್ತೆ ಇಲ್ಲದ ಹೊತ್ತು ನೋಡಿ ಮಗ ಎಮ್ಮೆ ಮಾರುತ್ತಿದ್ದಾನೆ, ಸೊಸೆ ತಡೆಯಲಾರದೆ ಅಳುತ್ತಿದ್ದಾಳೆ. ಮೆಣಸಿನಕಾಯಿ ಅರ್ಧ ಹರಡಿ ಅಕ್ಕನಾಗಮ್ಮ ಕೆಳಗಿಳಿದರು.

ಬುಧವಾರ ನಲ್ಲಿಯ ಹತ್ತಿರ ಹೆಂಗಸರು ನನ್ನ ಕೊಡವನ್ನು ಸರದಿ ಬಿಟ್ಟು ಮುಂದೆ ಇಟ್ಟುಕೊಟ್ಟರು. ಮಗುವಿನ ಕಿವಿ ಸೋರುವುದಕ್ಕೆ ಮರುಕವೆಂದು ನಾನು ತಿಳಿದೆ. ಒಬ್ಬರು, ಹಾಲಿಗೆ ಇನ್ನು ಮುಂದೆ ಏನು ಮಾಡುತ್ತಿ ತಾಯಿ ಎಂದರು. ಹಾಲಿನ ಸುದ್ದಿಯೇ ಬೇಡ, ಈಗ ಎಲ್ಲ ಟವಲಿನ ಕೆಳಗೆ ನಡೆದಿದೆ ಎಂದು ನಾನು ನಕ್ಕೆ. ಯಾರೂ ನಗಲಿಲ್ಲ.

ಅದೇ ದಿನ ನಮ್ಮವರು ಒಂಬತ್ತರ ಪ್ಯಾಸೆಂಜರಿಗೆ ಓಡುವಾಗ ಸ್ಟೇಷನ್ ಮುಂದಿನ ಚಹಾ ಹೋಟೆಲಿನ ಲಾಲಪ್ಪ ತಡೆದು ನಿಲ್ಲಿಸಿದನಂತೆ. ಲಾಲಪ್ಪನಿಗೆ ನಮ್ಮ ಎಮ್ಮೆಯ ಹಾಲಿನ ಮೇಲೆ ಎರಡು ವರ್ಷದಿಂದ ಕಣ್ಣು. ಅವನು ಕೇಳಲಿಲ್ಲ, ಕೇಳಬಾರದಲ್ಲ. ಉರುಕುಂದಪ್ಪನ ಕೈ ಮಗನಿಗೆ ಬಂದಿದೆಯಂತೆ, ಊರೆಲ್ಲ ಮಾತಾಡುತ್ತಿದೆ ಎಂದಷ್ಟೇ ಹೇಳಿದ. ತಮ್ಮ ಔಷಧದ ಉಪಾಯ ಊರಿಗೆಲ್ಲ ಮೆಚ್ಚಿಗೆಯಾಗಿದೆ ಎಂದು ನಮ್ಮವರ ಎದೆ ಉಬ್ಬಿತು. ಪಾರ್ಟಿ ಬಹಳ ಗಟ್ಟಿ, ಒಂದು ಬೆರಳಿನ ಮೇಲೆ ಏರುತ್ತಿಲ್ಲ, ಆದರೂ ಬಿಡುವುದಿಲ್ಲ ಎಂದರು. ಯಾವಾಗ ಮುಗಿಯಬಹುದು ಎಂದು ಲಾಲಪ್ಪ ಗಾಳಿಯನ್ನು ಕೇಳಿದವನಂತೆ ಕೇಳಿದ. ಶನಿವಾರ ಬೆಳಿಗ್ಗೆ ಎಂಟಕ್ಕೆ ಕಡೆಯ ಕೂಟ ಎಂದರು ನಮ್ಮವರು. ಅಂದು ಚಹಾಕ್ಕೆ ಕಾಸು ತೆಗೆದುಕೊಳ್ಳಲಿಲ್ಲವಂತೆ. ಮನೆಗೆ ಬಂದು ಇದನ್ನು ಎರಡು ಸಲ ಹೇಳಿದರು. ಐದನೇ ಹೊತ್ತು ಮುಗಿಯುವ ತನಕ ನನಗೂ ಬೇರೆ ಯೋಚನೆ ಇರಲಿಲ್ಲ. ಜ್ವರ ಇಳಿದಿತ್ತು. ದಿಂಬಿನ ಮೇಲಿನ ಕಲೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ನಾನು ಮೊದಲು ನೋಡುತ್ತಿದ್ದದ್ದು ಆ ದಿಂಬನ್ನೇ.

ಗುರುವಾರ ಪಾತ್ರೆ ತಿಕ್ಕುತ್ತಿದ್ದಾಗ ಊರಿನ ಗ್ರಾಮ ಸಚಿವಾಲಯದಲ್ಲಿ ದನಗಳ ದಾಖಲೆ ಇಡುವ ಪಶು ಅಸಿಸ್ಟೆಂಟ್ ಮೌನಿಕಾ ಬಂದಳು. ಓದಿದ ಹುಡುಗಿ, ಗಂಟೆಗೆ ಹತ್ತು ಮನೆ ತಿರುಗುವವಳು, ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ಎಮ್ಮೆಯ ಕಿವಿಯ ಬಿಲ್ಲೆಯ ನಂಬರನ್ನು ಫೋನಿಗೆ ಹಾಕಿ ನೋಡಿ, ತಲೆಯಾಡಿಸಿದಳು.

"ಅಕ್ಕಾ, ಪೇರು ಮಾರ್ಚಾಲಂಟೆ ಅತ್ತಮ್ಮ ಸಂತಕಂ ಕಾವಾಲಿ," ಅಂದಳು.

ಹೆಸರು ಬದಲಿಸಬೇಕೆಂದರೆ ಅತ್ತೆಯ ಸಹಿ ಬೇಕು. ಯಾರ ಹೆಸರು, ಯಾಕೆ ಬದಲಾಗಬೇಕು ಎಂದು ನಾನು ಬಾಯಿಬಿಟ್ಟೆ. ಕೊಳ್ಳುವ ಸಾವ್ಕಾರರ ಹೆಸರಿಗೆ ಎಂದಳು. ನಲ್ಲಿಯ ಹತ್ತಿರದ ಮರುಕ, ಲಾಲಪ್ಪನ ಚಹಾ, ಎಲ್ಲ ಒಟ್ಟಿಗೆ ನನಗೆ ಹೊಳೆಯಿತು. ಕೊಳ್ಳುವ ಸಾವ್ಕಾರರು ಆಗ ನನ್ನ ಸೊಂಟದ ಮೇಲೇ ಕೂತು ನನ್ನ ತಾಳಿ ಚೀಪುತ್ತಿದ್ದರು. ಇವಳ ಮುಂದೆ ಆ ಮಾತು ಹೇಗೆ ಹೇಳಲಿ? ಇನ್ನೂ ನಾಲ್ಕು ಹೊತ್ತಿನದು ಬಾಕಿ ಇರುವಾಗ ಆ ಮೂರಕ್ಷರ ಆಡಿದರೆ ಮತ್ತೆ ಮಂಚದ ಕೆಳಗೇ ಹುಡುಕಬೇಕು. ಮಗುವಿನ ಕಡೆ ಕಣ್ಣು ತೋರಿಸಿದೆ, ಕಿವಿ ಮುಟ್ಟಿ ತೋರಿಸಿದೆ, ಕೈಯನ್ನು ಚಮಚದಂತೆ ಮಾಡಿ ಬಾಯಿಗೆ ಹಿಡಿದೆ, ಕೊನೆಗೆ ತುಟಿಯ ಮೇಲೆ ಬೆರಳಿಟ್ಟೆ. ಮೌನಿಕಾ ಎಲ್ಲವನ್ನೂ ಗಮನವಿಟ್ಟು ನೋಡಿದಳು. ಅರ್ಥವಾಯಿತು ಅಕ್ಕಾ, ಅತ್ತಮ್ಮನ ಕಿವಿಗೆ ಹೋದರೆ ನಿಮಗೆ ಊಟ ಸಿಗುವುದಿಲ್ಲ, ನಾನು ಯಾರಿಗೂ ಹೇಳುವುದಿಲ್ಲ ಎಂದು ತೆಲುಗಿನಲ್ಲಿ ಪಿಸುಗುಟ್ಟಿ, ಶನಿವಾರ ಬರುವುದಾಗಿ ಹೇಳಿ ಹೊರಟೇಹೋದಳು.

ಸಂಜೆ ನಮ್ಮವರಿಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಎಮ್ಮೆ ಮಾರುವ ಆರೋಪಕ್ಕಿಂತ, ತಮ್ಮ ಉಪಾಯಕ್ಕೆ ಸಿಕ್ಕ ಮೆಚ್ಚಿಗೆ ಸುಳ್ಳಾಯಿತಲ್ಲ ಎಂದು ಬಹಳ ನೊಂದರು.

ಶುಕ್ರವಾರ ಇಬ್ಬರೂ ನಿಜ ಹೇಳಲು ಹೊರಟೆವು. ನಿಜ ಕೇಳುವವರು ಊರಿನಲ್ಲಿ ಸಿಗಲಿಲ್ಲ. ಸ್ಟೇಷನ್ನಿನಲ್ಲಿ ನಮ್ಮವರು ಬಾಯಿ ತೆರೆಯುವಷ್ಟರಲ್ಲಿ ಲಾಲಪ್ಪ ಅವರ ಬಾಯಿಗೆ ಕೈ ಅಡ್ಡ ಹಿಡಿದನಂತೆ. ವ್ಯಾಪಾರ ನಡೆಯುವಾಗ ದಲ್ಲಾಳಿ ಬಾಯಿಬಿಟ್ಟದ್ದನ್ನು ಉರುಕುಂದಪ್ಪನ ಕಾಲದಲ್ಲಿ ಕೇಳಿರಲಿಲ್ಲ, ಆಡಬೇಡ ಎಂದನಂತೆ. ಇತ್ತ ನಾನು ಮಗು ಮಲಗಿದ ಹೊತ್ತು ನೋಡಿ ಗೋಡೆಯ ಹತ್ತಿರ ಹೋಗಿ, ಅಕ್ಕಾ, ಅದು ಎಮ್ಮಿದಲ್ಲ ಎಂದು ಶುರುಮಾಡಿದೆ. ಅಕ್ಕನಾಗಮ್ಮ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡರು.

"ನನಗ್ಯಾಕ ಹೇಳ್ತಿ ಭುವನಾ? ನಾ ಏನಾರ ಕೇಳೀನೇನು? ನಾಳಿಗೆ ಮುರದ್ರ ನನ್ನ ಹೆಸರು ಬರತೈತಿ," ಅಂದರು.

ನಾಲ್ಕು ದಿನದಿಂದ ಬೀದಿಯ ಮನೆಮನೆಗೆ ಸುಳ್ಳು ಹಂಚಿದವರಿಗೆ ನಿಜ ಕೇಳುವ ವಿಷಯದಲ್ಲಿ ಇಷ್ಟು ನೇಮ ಇರಬಹುದೆಂದು ನಾನು ಎಣಿಸಿರಲಿಲ್ಲ. ಒಳಗಿನಿಂದ ಮಗು ಎದ್ದು ಅತ್ತಿತು. ನಾನು ಬಂದುಬಿಟ್ಟೆ.

ಮಧ್ಯಾಹ್ನ ನಾಗಲದಿನ್ನೆಯಿಂದ ಅತ್ತೆಯ ಫೋನು ಬಂತು. ಮೊಮ್ಮಗಳ ಕಿವಿಯ ವಿಷಯವನ್ನು ನಾವು ಅವರಿಗೆ ತಿಳಿಸಿರಲಿಲ್ಲ. ತಿಳಿದರೆ ಮಗಳ ಉಳುಕಿದ ಕಾಲು ಬಿಟ್ಟು ಓಡಿ ಬರುತ್ತಾರೆ, ಎರಡೂ ಕಡೆ ಸಂಕಟ ಎಂದು ಸುಮ್ಮನಿದ್ದೆವು. ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದರು. ಸರಿಯಾಗಿದೆ ಎಂದೆ. ಮುಚ್ಚಿಡುವಂಥದ್ದೇನೂ ಇಲ್ಲವಲ್ಲ ಎಂದರು. ಇಲ್ಲ ಎಂದೆ. ಕೊನೆಗೆ, ಎಮ್ಮೆ ಹೇಗಿದೆ ಎಂದರು. ಅಕ್ಕನಾಗಮ್ಮನ ಫೋನು ಅಲ್ಲಿಗೂ ಹೋಗಿದೆ ಎಂದು ಆಗ ತಿಳಿಯಿತು. ಎಲ್ಲ ಹೇಳಿಬಿಡೋಣ ಎಂದರೆ ಸಾವ್ಕಾರರು ನನ್ನ ತೊಡೆಯ ಮೇಲೆ ಕೂತು ಫೋನಿಗೆ ಕೈಚಾಚುತ್ತಿದ್ದಾರೆ. ಎಮ್ಮಿ ಆರಾಮೈತ್ರಿ ಅತ್ತಿ, ನೀವು ಏನೂ ಮನಸಿಗೆ ಹಚ್ಚಿಕೋಬ್ಯಾಡ್ರಿ ಎಂದೆ. ಅತ್ತ ಕಡೆ ಫೋನು ಇಟ್ಟ ಸದ್ದು ಮಾತ್ರ ಕೇಳಿತು.

ಆ ಸಂಜೆ ನಾನೂ ನಮ್ಮವರೂ ಅಡುಗೆಮನೆಯಲ್ಲಿ ನಿಂತು ಒಂದು ನಿರ್ಧಾರಕ್ಕೆ ಬಂದೆವು. ಒಂಬತ್ತು ಹೊತ್ತು ಹೊಟ್ಟೆಗೆ ಹೋಗಿದೆ. ದಿಂಬು ಎರಡು ದಿನದಿಂದ ಒಣಗಿದೆ. ಇನ್ನು ಒಂದೇ ಹೊತ್ತು. ಊರು ಏನಾದರೂ ಅಂದುಕೊಳ್ಳಲಿ, ಅತ್ತೆ ಏನಾದರೂ ಅಂದುಕೊಳ್ಳಲಿ, ಶನಿವಾರ ಬೆಳಿಗ್ಗೆ ಆ ಐದು ಎಂ.ಎಲ್. ಗಂಟಲಿಳಿಯುವ ತನಕ ಯಾರೂ ಅದರ ಹೆಸರೆತ್ತುವುದು ಬೇಡ.

ಶನಿವಾರ ಎಂಟಕ್ಕೆ ಐದು ನಿಮಿಷವಿದೆ ಎನ್ನುವಾಗಲೇ ಟವಲು ಹಾಸಿಯಾಗಿತ್ತು. ಒಂಬತ್ತರ ಪ್ಯಾಸೆಂಜರಿನಲ್ಲೇ ಮಗುವನ್ನೂ ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋಗುವುದೆಂದು ನಾನೂ ಸೀರೆ ಬದಲಿಸಿದ್ದೆ. ಸುಹಾಸಿನಿ ಚೀಲದ ಸಂದಿಯಲ್ಲಿ ತನ್ನ ಜಾಗದಲ್ಲಿ ಕೂತು ಕೈ ಹಾಕಿದಳು. ಒಲೆಯ ಮೇಲೆ ಹಾಲಿತ್ತು. ನಾನು ಪಿಚಕಾರಿಗೆ ಔಷಧ ತುಂಬಿ ಸೆರಗಿನ ಮರೆಯಲ್ಲಿ ಹಿಡಿದು ನಿಂತಿದ್ದೆ. ಮೊದಲ ವ್ಯಾಪಾರ ಕುದುರುವಷ್ಟರಲ್ಲಿ ಲಾಲಪ್ಪ ಒಳಗೆ ಬಂದ, ಹೆಗಲ ಮೇಲೆ ಹೊಸ ಟವಲು. ಅವನ ಹಿಂದೆ ಫೋನು ಹಿಡಿದು ಮೌನಿಕಾ. ಗೋಡೆಯ ಮೇಲೆ ಅಕ್ಕನಾಗಮ್ಮ. ಇಂದು ಮೆಣಸಿನಕಾಯಿಯನ್ನೂ ತಂದಿರಲಿಲ್ಲ.

ಲಾಲಪ್ಪ ನೇರ ಬಂದು ನಮ್ಮವರ ಎದುರು ಕುಕ್ಕರುಗಾಲಲ್ಲಿ ಕೂತು, ಒಂದು ಮಾತೂ ಆಡದೆ ಟವಲಿನೊಳಗೆ ತನ್ನ ಕೈ ತೂರಿಸಿದ. ಒಳಗೆ ಯಾರ ಕೈ ಯಾರ ಕೈಗೆ ಸಿಕ್ಕಿತೋ, ಸುಹಾಸಿನಿ ಬೆಚ್ಚಿ ತನ್ನ ಕೈ ಎಳೆದುಕೊಂಡು ಚೀಲದ ಹಿಂದೆ ಮುದುಡಿದಳು. ನಮ್ಮವರು ಕಿರುಬೆರಳಿಗಾಗಿ ತಡಕಿದರೆ ಲಾಲಪ್ಪನ ಐದೂ ಬೆರಳು ಸಿಕ್ಕವು. ಐದು ದಿನದಿಂದ ಐದು ಬೆರಳಿಗೆ ಹಂಬಲಿಸಿದವರು, ಅಭ್ಯಾಸಬಲದಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಲಾಲಪ್ಪನ ಮುಖ ಅರಳಿತು. ತನ್ನ ದರಕ್ಕೆ ಒಪ್ಪಿಗೆ ಬಿತ್ತೆಂದು ಅವನು ತಿಳಿದ.

ಆಗ ಮನೆಯ ಮುಂದೆ ಆಟೋ ನಿಂತಿತು. ನಾಗಲದಿನ್ನೆಯಿಂದ ಮೊದಲ ಬಸ್ಸು ಹಿಡಿದು, ಆದೋನಿಯಲ್ಲಿ ಬಸ್ಸು ಬದಲಿಸಿ, ನಮ್ಮತ್ತೆ ಕೈಚೀಲ ಹಿಡಿದು ಇಳಿದರು. ಮಗನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ. ಕಾಲೂ ತೊಳೆಯದೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕೊರಳಿಗೆ ಕೈಹಾಕಿ ನಿಂತರು.

"ನಾ ಏನೂ ಕೇಳಂಗಿಲ್ಲ," ಅಂದರು. "ಹಡದಾಕಿ ಕೇಳಬಾರದು. ಮಗ ತಾನ ಹೇಳಬೇಕು. ನಿಮ್ಮಪ್ಪ ಕಟ್ಟಿದ ಹಗ್ಗ ಬಿಚ್ಚೋ ಮುಂದ ನನ್ನನ್ನೂ ಬಿಚ್ಚಿ ಕಳಸು."

ನಮ್ಮವರು ಎದ್ದರು, ಟವಲು ಕೆಳಗೆ ಬಿತ್ತು. ಅವ್ವಾ, ಎಮ್ಮಿದಲ್ಲ ಎಂದರು. ಮತ್ತೆ ಯಾವುದರದು ಎಂದು ಅತ್ತೆ ಕೇಳಲಿಲ್ಲ, ಕಾದರು. ನಮ್ಮವರು ಚೀಲದ ಕಡೆ ಕಳ್ಳನೋಟ ನೋಡಿ, ಅದರದು ಅವ್ವಾ, ಅದೈತಲ್ಲ, ಅದು ಎಂದರು. ಕೂಡಿದವರೆಲ್ಲ ತಿರುಗಿ ಎಮ್ಮೆಯನ್ನು ನೋಡಿದರು. ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ಮೊದಲು ಅತ್ತಮ್ಮನ ಸಹಿ ಆಗಲಿ ಎಂದು ಮೌನಿಕಾ ಫೋನು ಮುಂದೆ ಚಾಚಿದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಯಾರೂ ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಸೆರಗಿನ ಮರೆಯ ಪಿಚಕಾರಿ ನನ್ನ ಕೈಯ ಬೆವರಿಗೆ ಜಾರುತ್ತಿತ್ತು. ಎಂಟೂಕಾಲು, ಎಂಟು ಇಪ್ಪತ್ತು. ಐದು ಜನ ದೊಡ್ಡವರು ಅಂಗಳದಲ್ಲಿ ನಿಂತಿದ್ದೆವು, ಗೋಡೆಯ ಮೇಲೊಬ್ಬರು. ಕೇಳಬೇಕಾದ ಮಾತು ಎಲ್ಲರ ನಾಲಗೆಯ ಮೇಲಿದ್ದರೂ ಕೇಳಿದ ಪಾಪ ಯಾರಿಗೂ ಬೇಕಿರಲಿಲ್ಲ.

ಕೊನೆಗೆ ಲಾಲಪ್ಪ ನ್ಯಾಯವಾದ ಒಂದು ದಾರಿ ಕಂಡುಕೊಂಡ. ಎಮ್ಮೆಗೆ ವಯಸ್ಸಾಗಿದ್ದರೆ ತಾನು ಹೀಗೆಯೇ ಹೊರಟುಹೋಗುವುದಾಗಿಯೂ, ಯಾರ ಮನಸ್ಸೂ ನೋಯುವುದು ಬೇಡವೆಂದೂ ಹೇಳಿ, ಹಲ್ಲು ನೋಡಲು ಕೊಟ್ಟಿಗೆಗೆ ನಡೆದ. ತಮ್ಮ ಎಮ್ಮೆಗೆ ವಯಸ್ಸಾಗಿದೆ ಎಂಬ ಮಾತು ಅತ್ತೆಗೆ ಮಾರಾಟಕ್ಕಿಂತ ಹೆಚ್ಚು ನಾಟಿತು. ನೋಡಲಿ, ಚೆನ್ನಾಗಿ ನೋಡಲಿ ಎಂದು ಪಕ್ಕಕ್ಕೆ ಸರಿದು ನಿಂತರು.

ಲಾಲಪ್ಪ ಕೈ ಚಾಚಿದ್ದಷ್ಟೇ. ಐದು ದಿನದಲ್ಲಿ ನಲವತ್ತೈದು ಸಲ ಬಾಯಿ ತೆರೆದು ಪಳಗಿದ್ದ ಎಮ್ಮೆ, ಮುಟ್ಟುವ ಮೊದಲೇ ತಾನಾಗಿ ಕತ್ತೆತ್ತಿ, ಗಂಟಲು ಕಾಣುವಷ್ಟು ಬಾಯಿ ತೆರೆದು ನಿಂತಿತು. ಇಂಥ ಎಮ್ಮೆಯನ್ನು ಲಾಲಪ್ಪ ಹುಟ್ಟಿದಾಗಿನಿಂದ ನೋಡಿರಲಿಲ್ಲ. ತೆರೆದ ಬಾಯಿಯೊಳಗೆ ಕೈ ಇಟ್ಟವನು ತೆಗೆಯುವುದನ್ನೇ ಮರೆತ. ಅತ್ತೆಯೂ ಅಳು ನಿಲ್ಲಿಸಿ ನೋಡಿದರು.

ಚೀಲದ ಹಿಂದಿನಿಂದ ಸುಹಾಸಿನಿ ಎದ್ದು ಬಂದಳು. ಕೊಟ್ಟಿಗೆಯ ಮುಂದೆ ತನ್ನ ಎಂದಿನ ಜಾಗದಲ್ಲಿ ನಿಂತಳು. ಎಮ್ಮೆಯದಾಯಿತು, ಇನ್ನು ತನ್ನ ಸರದಿ ಎಂದು ಕಣ್ಣು ಮುಚ್ಚಿ ಬಾಯಿ ತೆರೆದಳು. ಕಾದಳು. ಏನೂ ಬರಲಿಲ್ಲ. ಗುಂಪಿನ ಹಿಂದೆ ಸಿಕ್ಕಿಕೊಂಡಿದ್ದ ನಾನು ಅತ್ತೆಯನ್ನು ಸುತ್ತಿಕೊಂಡು ಬರುವಷ್ಟರಲ್ಲಿ ಅವಳು ಒಂದು ಕಣ್ಣು ತೆರೆದು ನೋಡಿದಳು. ಯಾರೋ ಗೊತ್ತಿಲ್ಲದ ಮನುಷ್ಯನ ಕೈ ಎಮ್ಮೆಯ ಬಾಯೊಳಗಿತ್ತು. ಐದು ದಿನ ಟವಲಿನ ಕರಾರಿಗೆ ಕಟ್ಟುಬಿದ್ದು ಒಂದು ಮಾತೂ ಆಡದಿದ್ದ ಹುಡುಗಿ, ಲಾಲಪ್ಪನ ಪಂಚೆಯನ್ನು ಹಿಡಿದು ಜಗ್ಗಿ, ಎಲ್ಲರಿಗೂ ಕೇಳುವಂತೆ ಕೇಳಿದಳು:

"ನನ್ನ ಔಷಧ ಎಮ್ಮಿಗ್ಯಾಕ ಹಾಕ್ತಿ?"